ಕಾಡೆಮ್ಮೆಯ ಮಾಂಸ

ಮುಖ ಒರೆಸಿಕೊಳ್ಳಲು ಕೊಟ್ಟ ತಣ್ಣನೆಯ ಟವಲಿನಿಂದ ಅಪ್ಪ ಕಾಲು ಒರೆಸಿಕೊಂಡ. ಗಾರಿಕಾಯಿ ಅದನ್ನು ನೋಡಿಯೂ ನೋಡದವನಂತೆ ಜೀಪಿನ ಬಾನೆಟ್ಟಿನ ಮೇಲೆ ಇಲ್ಲದ ಧೂಳನ್ನು ಕೊಡವತೊಡಗಿದ. ಟ್ರೇ ಹಿಡಿದು ನಿಂತಿದ್ದ ಮಾಣಿ ತಮ್ಮ ಊರಿನವನೇ. ಏನೋ ಹೇಳಲು ಬಾಯಿ ತೆರೆದವನು ಗಾರಿಕಾಯಿಯ ಮುಖ ನೋಡಿ ಟ್ರೇಯನ್ನು ಇನ್ನಷ್ಟು ಮುಂದೆ ಚಾಚಿದ. ಅಪ್ಪ ಆತುರವೇ ಇಲ್ಲದೆ ಬಲಗಾಲು ಒರೆಸಿ, ಎಡಗಾಲು ಒರೆಸಿ, ಬೆರಳ ಸಂದಿಗಳನ್ನೂ ಬಿಡದೆ ಒರೆಸಿ, ಧೂಳಿಗೆ ಕೆಂಪಾದ ಟವಲನ್ನು ನಾಲ್ಕು ಮಡಿಕೆ ಮಾಡಿ ಟ್ರೇಯಲ್ಲಿಟ್ಟು, ಎರಡೂ ಕೈ ತಟ್ಟಿ ಮಾಣಿಗೆ ಉಪಕಾರ ಹೇಳಿದ. ಮಳೆಗಾಲಕ್ಕೆ ಸಫಾರಿ ಕ್ಯಾಂಪು ಮುಚ್ಚುವ ಮುಂಚೆ ಕೆಲಸದವರ ಮನೆಮಂದಿಯನ್ನು ಒಂದು ಮಧ್ಯಾಹ್ನ ಕಾಡಿನಲ್ಲಿ ಸುತ್ತಾಡಿಸುವುದು ಯಜಮಾನಿಯ ಪದ್ಧತಿ. ಎಲ್ಲವೂ ಅತಿಥಿಗಳಿಗೆ ಮಾಡಿದ ಹಾಗೆಯೇ ಆಗಬೇಕು ಎಂದು ಆಕೆ ಒತ್ತಿ ಹೇಳಿದ್ದಳು. ಹಾಗಾಗಿ ಗೈಡು ಗಾರಿಕಾಯಿ ಇಸ್ತ್ರಿ ಮಾಡಿದ ಖಾಕಿ ಹಾಕಿ, ಮೆಟ್ಟಿಲ ಹಾಗೆ ಏರುತ್ತ ಹೋಗುವ ಸೀಟುಗಳಿಗೆ ಒಬ್ಬೊಬ್ಬರನ್ನೇ ಕೈ ಹಿಡಿದು ಹತ್ತಿಸಬೇಕಾಯಿತು. ಅಪ್ಪನ ತಂಗಿ ತೆತೆ ನಡುವಿನ ಸಾಲನ್ನು ಒಬ್ಬಳೇ ತುಂಬಿ ಕುಳಿತಳು. ಅಪ್ಪ ಎತ್ತರಕ್ಕೆ ಹತ್ತಲು ಒಪ್ಪದೆ ಮುಂದೆ, ಗಾರಿಕಾಯಿಯ ಪಕ್ಕದಲ್ಲಿ ಕುಳಿತ. ಗಾರಿಕಾಯಿಯ ತೀರಿಹೋದ ತಮ್ಮನ ಹೆಂಡತಿ ಚೆನಾಯಿ, ಮಗಳು ರುದೋಳನ್ನು ಸೊಂಟದ ಮೇಲೆ ಇಟ್ಟುಕೊಂಡು, ಅವನು ಚಾಚಿದ ಕೈಯನ್ನು ನೋಡದೆ ತಾನೇ ಹತ್ತಿ ಎಲ್ಲಕ್ಕಿಂತ ಹಿಂದಿನ, ಎಲ್ಲಕ್ಕಿಂತ ಎತ್ತರದ ಸೀಟಿನಲ್ಲಿ ಕುಳಿತಳು. ವಿಧವೆಯ ಕಪ್ಪು ಬಟ್ಟೆ ಬಿಸಿಲಿಗೆ ಕಂದಿ ಬೂದಿಯ ಬಣ್ಣಕ್ಕೆ ಬಂದಿತ್ತು. ಕನ್ನಡಿ ಸರಿಮಾಡಿಕೊಳ್ಳಲು ಹೋದರೆ ಅದರ ತುಂಬ ಅವಳೇ ಇದ್ದಳು.

ಸೀಟಿನಿಂದ ಏಳಬಾರದು, ಕೈ ಹೊರಗೆ ಚಾಚಬಾರದು, ಜೋರಾಗಿ ಮಾತಾಡಬಾರದು, ನಾನು ಹೇಳದೆ ಯಾರೂ ಕೆಳಗಿಳಿಯಬಾರದು. ಇಷ್ಟನ್ನೂ ಹೇಳಿ ಮುಗಿಸಿದ ಮೇಲೆಯೇ ತಾನು ಇಂಗ್ಲಿಷಿನಲ್ಲಿ ಮಾತಾಡುತ್ತಿದ್ದೇನೆ ಎಂಬುದು ಅವನ ಗಮನಕ್ಕೆ ಬಂದದ್ದು. ತೆತೆ ಹೊಟ್ಟೆ ಕುಲುಕಿಸಿ ನಕ್ಕಳು. ಇವನು ಯಾರ ಹತ್ತಿರ ಮಾತಾಡುತ್ತಿದ್ದಾನೆ, ಹಿಂದೆ ಯಾರಾದರೂ ಬಿಳಿಯರು ಅಡಗಿ ಕೂತಿದ್ದಾರಾ ನೋಡಿ ಎಂದಳು. ಅವನೂ ನಕ್ಕ. ಅವನದು ಒಳ್ಳೆಯ ನಗು, ಬೆಳ್ಳನೆಯ ಒತ್ತು ಹಲ್ಲು. ಯಜಮಾನಿ ಆ ನಗುವಿನ ಚಿತ್ರವನ್ನು ದೊಡ್ಡದು ಮಾಡಿಸಿ ಊಟದ ಕೋಣೆಯಲ್ಲಿ ತೂಗುಹಾಕಿದ್ದಾಳೆ. ನಕ್ಕವನ ನಾಲಗೆ, ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡವನ ಹಾಗೆ, ತಾನಾಗಿ ಹೋಗಿ ಹಲ್ಲಿನ ಸಾಲನ್ನು ಈ ತುದಿಯಿಂದ ಆ ತುದಿಯವರೆಗೆ ಒತ್ತಿ ನೋಡಿತು. ಒಂದೂ ಅಲುಗಲಿಲ್ಲ. ಆರು ತಿಂಗಳಿಂದ ಒಂದೂ ಅಲುಗುತ್ತಿಲ್ಲ. ಅಲುಗಿದ್ದರೆ ಚೆನ್ನಾಗಿತ್ತು ಎಂದು ಕೆಲವು ಸಲ ಅನಿಸುತ್ತದೆ. ಅನಿಸಿದ ಕೂಡಲೇ ಹೆದರಿಕೆಯಾಗುತ್ತದೆ.

ನಾಳೆ ಅಪ್ಪನ ಅಂಗಳದಲ್ಲಿ ಕುಲದ ಹಿರಿಯರು ಕೂಡುತ್ತಾರೆ. ಕೂಡುವುದು ಬರಿಯ ಮರ್ಯಾದೆಗೆ. ತೀರ್ಮಾನ ಆಗಲೇ ಆಗಿಹೋಗಿದೆ. ಚೆನಾಯಿಯನ್ನು ತವರಿಗೆ ಅಟ್ಟುವುದು. ಮಗುವನ್ನು ಇಟ್ಟುಕೊಳ್ಳುವುದು. ಮಗು ಆನೆಯ ಕುಲದ್ದು, ತಂದೆಯ ಕುಲ ತಂದೆಯ ಮನೆಯಲ್ಲೇ ಉಳಿಯಬೇಕು. ತಾಯಿ ಕೋತಿಯ ಕುಲದವಳು, ಬಂದಳು, ಹೋಗುತ್ತಾಳೆ. ಕಾರಣ ತೆತೆಯ ಬಾಯಿಂದ ಊರಿಗೆಲ್ಲ ಹಬ್ಬಿದೆ: ಆನೆಯ ಕುಲದ ಗಂಡನಿಗೆ ಆನೆಯ ಮಾಂಸ ಬೇಯಿಸಿ ಉಣಿಸಿದವಳು ಇವಳು. ಜೀಪು ಕ್ಯಾಂಪಿನ ಗೇಟು ದಾಟಿ ಒಣಗಿ ನಿಂತ ಮುಪಾನಿ ಮರಗಳ ನಡುವೆ ಇಳಿಯುತ್ತಿದ್ದಾಗ, ಇದು ಸುಳ್ಳು ಎಂದು ಗೊತ್ತಿರುವವನು ತಾನೊಬ್ಬನೇ ಎಂದು ಗಾರಿಕಾಯಿ ಎಷ್ಟನೆಯದೋ ಸಲ ಅಂದುಕೊಂಡ. ಪೂರ್ತಿ ಸುಳ್ಳೂ ಅಲ್ಲ. ಬೇಯಿಸಿದವಳು ಅವಳೇ. ತಂದುಕೊಟ್ಟವನು ಇವನು. ಮಾಡಿದ್ದುಣ್ಣೋ ಮಹಾರಾಯ ಅನ್ನುತ್ತಾರೆ. ಇಲ್ಲಿ ಮಾಡಿದವನೊಬ್ಬ, ಉಂಡವನೊಬ್ಬ, ಎಲೆ ತೆಗೆಯಬೇಕಾದವಳು ಇನ್ನೊಬ್ಬಳು.

ರಸ್ತೆಗೆ ಅಡ್ಡವಾಗಿ ಜಿಂಕೆಯ ಹಿಂಡೊಂದು ನಿಂತಿತ್ತು. ಅಭ್ಯಾಸಬಲದಿಂದ ಅವನು ಬ್ರೇಕು ಹಾಕಿದ. ನಿಲ್ಲಿಸಿದ್ದು ಯಾಕೆ ಎಂದು ಅಪ್ಪ ಕೇಳಿದ. ನೋಡಲಿಕ್ಕೆ ಎಂದ. ಜಿಂಕೆಯನ್ನಾ ಎಂದು ಅಪ್ಪ ಕೇಳಿದ. ಈ ಜಿಂಕೆಗಳು ತನ್ನ ಅವರೆ ಬಳ್ಳಿಯನ್ನು ಬುಡಸಮೇತ ತಿಂದು ಹೋಗುವಾಗ ಇವುಗಳನ್ನು ನೋಡಲು ಯಾರೂ ಟೋಪಿ ಹಾಕಿಕೊಂಡು ಬರುವುದಿಲ್ಲ ಎಂದು ಅಪ್ಪ ಹೇಳಿದ್ದಕ್ಕೆ ತೆತೆ ಮತ್ತೆ ನಕ್ಕಳು. ರುದೋ ಮಾತ್ರ ಅಮ್ಮನ ಮಡಿಲಲ್ಲಿ ಎದ್ದು ನಿಂತು ಒಂದು, ಇನ್ನೊಂದು, ಇನ್ನೊಂದು ಎಂದು ಬೆರಳು ತೋರಿಸುತ್ತಿತ್ತು. ಆ ಮಗುವಿನ ಬೆರಳು ಹೋದಲ್ಲೆಲ್ಲ ಚೆನಾಯಿಯ ಕಣ್ಣು ಹೋಗುವುದನ್ನು ಗಾರಿಕಾಯಿ ಕನ್ನಡಿಯಲ್ಲಿ ನೋಡಿದ. ನಾಳೆಯಿಂದ ಸಿಗದಿರುವುದನ್ನು ಇವತ್ತೇ ತುಂಬಿಕೊಳ್ಳುವವಳ ನೋಟ ಅದು. ಅವನು ಗೇರು ಹಾಕಿ ಮುಂದೆ ಹೋದ.

ತಮ್ಮ ಟಿಚಾವೊನ ಸತ್ತ ಬೆಳಿಗ್ಗೆ ಗಾರಿಕಾಯಿ ಜರ್ಮನಿಯ ದಂಪತಿಗೆ ಸಿಂಹ ತೋರಿಸುತ್ತಿದ್ದ. ಹೊಲ ಕಾಯಲು ಹೋಗಿದ್ದ ತಮ್ಮ ಡಬ್ಬ ಬಡಿಯುತ್ತ ಆನೆಗೆ ಎದುರಾಗಿ ಓಡಿದ್ದನಂತೆ. ಯಾಕೆ ಓಡಿಹೋಗಲಿಲ್ಲ ಎಂದರೆ, ಎಲ್ಲರಿಗೂ ಗೊತ್ತಿರುವ ಹಾಗೆ ಆನೆ ತನ್ನ ಕುಲದವರನ್ನು ತುಳಿಯುವುದಿಲ್ಲ. ಅಪ್ಪ ಅದನ್ನು ಮಕ್ಕಳಿಗೆ ಹಾಲು ಕುಡಿಸಿದಷ್ಟೇ ನಿಶ್ಚಯದಿಂದ ಕಲಿಸಿದ್ದ. ಗಾರಿಕಾಯಿ ಊರು ಮುಟ್ಟುವಾಗ ಹೆಣವನ್ನು ತೊಳೆದು ಕಂಬಳಿ ಹೊದಿಸಿದ್ದರು. ಮುಖ ನೋಡಲು ಅಪ್ಪ ಕಂಬಳಿ ಸರಿಸಿದ. ಮುಂದಿನ ಹಲ್ಲುಗಳು ಒಂದೂ ಇರಲಿಲ್ಲ. ಆನೆಯ ಕಾಲಡಿಗೆ ಸಿಕ್ಕವನ ಎದೆ ಇರುವುದಿಲ್ಲ, ಸೊಂಟ ಇರುವುದಿಲ್ಲ, ಹಲ್ಲು ಹೋದದ್ದೇನು ದೊಡ್ಡದು ಎಂದು ಇವನ ತಲೆ ಹೇಳಿತು. ಅಪ್ಪ ಮಾತ್ರ ಆ ಖಾಲಿ ಒಸಡನ್ನೇ ನೋಡುತ್ತಿದ್ದ. ಕುಲದ ಮಾಂಸ ತಿಂದವನ ಹಲ್ಲು ಉದುರುತ್ತದೆ. ಇದೂ ಹಾಲಿನ ಜೊತೆ ಕಲಿತದ್ದೇ. ಅಪ್ಪ ಕಂಬಳಿ ಮುಚ್ಚಿ, ಹೊರಗೆ ಬಂದು, ಗೋಡೆಗೊರಗಿ ಕುಳಿತು, ಇವನು ತಿಂದಿದ್ದಾನೆ ಎಂದ. ಅಲ್ಲಿಂದ ಮುಂದಿನದೆಲ್ಲ ಇಳಿಜಾರಿನಲ್ಲಿ ಬಂಡಿ ಉರುಳಿದಂತೆ ನಡೆಯಿತು. ತಿಂದಿದ್ದರೆ ಬೇಯಿಸಿದವರು ಯಾರು? ಟಿಚಾವೊನ ಸಾಯುವ ಮುಂಚಿನ ಬರಗಾಲದಲ್ಲಿ ಚೆನಾಯಿಯ ಅಣ್ಣ ಚೀಲ ಹೊತ್ತು ಬಂದುಹೋದದ್ದು ತೆತೆಗೆ ನೆನಪಾಯಿತು. ಚೀಲದಲ್ಲಿದ್ದದ್ದು ಕಾಡು ಗೆಣಸು ಎಂದು ಚೆನಾಯಿ ಹೇಳಿದಳು. ಗೆಣಸು ತಿಂದರೆ ಹಲ್ಲು ಉದುರುತ್ತದೆಯೇ ಎಂದು ತೆತೆ ಕೇಳಿದಳು.

ಮಾಂಸ ಬಂದದ್ದು ಹೀಗೆ. ಊರೊಳಗೆ ನುಗ್ಗುತ್ತಿದ್ದ ಪುಂಡಾನೆಯೊಂದನ್ನು ಅರಣ್ಯ ಇಲಾಖೆಯವರು ಕೊಂದರು. ಬರ ಬಿದ್ದಿತ್ತು, ಮಾಂಸವನ್ನು ಸುತ್ತಲಿನ ಕ್ಯಾಂಪುಗಳ ಕೆಲಸದವರಿಗೆಲ್ಲ ಹಂಚಿದರು. ಕೆಲಸದವರ ವಠಾರದ ಹಿಂದೆ ತಂತಿ ಕಟ್ಟಿ, ಉದ್ದುದ್ದ ಕೊಯ್ದು, ಉಪ್ಪು ಸವರಿ ಒಣಹಾಕಿದರು. ಗಾರಿಕಾಯಿ ತನ್ನ ಪಾಲು ಬೇಡವೆನ್ನಲಿಲ್ಲ. ಆ ಸಂಜೆಯೇ ಊಟದ ಕೋಣೆಯಲ್ಲಿ ಅತಿಥಿಯೊಬ್ಬಳು, ಬೆಳ್ಳಿ ಕೂದಲಿನ ಒಳ್ಳೆಯ ಹೆಂಗಸು, ನಿಮ್ಮ ಕುಲ ಯಾವುದು ಎಂದು ಕೇಳಿದಳು. ಅವನು ಎಂದಿನಂತೆ ಎದ್ದುನಿಂತು, ನಾನು ಆನೆ, ಆನೆ ನನ್ನ ತಂದೆಯ ತಂದೆ, ಅದರ ಮಾಂಸವನ್ನು ನಾವು ಮುಟ್ಟುವುದಿಲ್ಲ, ಮುಟ್ಟಿದರೆ ಈ ಹಲ್ಲುಗಳು ನಿಮಗೆ ಕಾಣಲು ಸಿಗುವುದಿಲ್ಲ ಎಂದು ಹೇಳಿ ನಕ್ಕ. ಎಲ್ಲರೂ ಚಪ್ಪಾಳೆ ತಟ್ಟಿದರು. ವಠಾರದ ಹಿಂದಿನ ತಂತಿಯಲ್ಲಿ ಅವನ ತಂದೆಯ ತಂದೆ ಒಣಗುತ್ತಿದ್ದ. ಚಪ್ಪಾಳೆ ಮುಗಿದ ಮೇಲೆ ವಠಾರಕ್ಕೆ ಹೋಗಿ ಸಾಡ್ಜಾ ಮುದ್ದೆಯ ಜೊತೆ ತಿಂದ. ತಿನ್ನುವಾಗ ತಾನು ಮೂಢನಂಬಿಕೆ ಬಿಟ್ಟವನು, ಪರೀಕ್ಷೆ ಪಾಸು ಮಾಡಿದ ಗೈಡು, ಆನೆಯ ಎಲುಬು ನರ ಎಲ್ಲ ಬಲ್ಲವನು ಎಂದೆಲ್ಲ ಹೇಳಿಕೊಂಡ. ಹಾಗೆ ಹೇಳಿಕೊಳ್ಳದಿದ್ದರೂ ತಿನ್ನುತ್ತಿದ್ದ, ಹಸಿವಾಗಿತ್ತು. ಉಳಿದದ್ದನ್ನು ಚೀಲಕ್ಕೆ ತುಂಬಿ ಊರಿಗೆ ಒಯ್ದ. ಚೆನಾಯಿ ಅಡಿಗೆಗುಡಿಸಲ ಬಾಗಿಲಲ್ಲಿ ಮೊಣಕಾಲೂರಿ ಎರಡೂ ಕೈಯಿಂದ ಚೀಲ ತೆಗೆದುಕೊಂಡಳು. ಅವಳು ಕೇಳಿರಲೇ ಇಲ್ಲ. ಇವನೇ, ಕಾಡೆಮ್ಮೆ, ಎಂದ.

ಎಲ್ಲರೂ ಉಂಡರು. ಅದೇ ಅವನ ಗಂಟಲಲ್ಲಿ ಸಿಕ್ಕಿಕೊಂಡಿರುವ ಮುಳ್ಳು. ತಮ್ಮ ಉಂಡ, ಮಗು ಉಂಡಿತು, ಅಪ್ಪ ಇದ್ದಬದ್ದ ದವಡೆ ಹಲ್ಲಿನಲ್ಲಿ ನುರಿಸಿ ನುರಿಸಿ ಉಂಡು, ಬಟ್ಟಲಿನ ಸಾರನ್ನು ಮುದ್ದೆಯಲ್ಲಿ ಬಳಿದು, ಸೊಸೆಯ ಕೈರುಚಿಯೇ ಬೇರೆ, ಬರದಲ್ಲೂ ಕಾಡೆಮ್ಮೆಯನ್ನು ಬೆಣ್ಣೆ ಮಾಡಿದ್ದಾಳೆ ಎಂದ. ಸೊಸೆಯನ್ನು ಅಪ್ಪ ಹೊಗಳಿದ್ದನ್ನು ಗಾರಿಕಾಯಿ ಅದೊಂದೇ ಸಲ ಕೇಳಿದ್ದು. ಈಗ ನಿಜ ಹೇಳುವುದೆಂದರೆ ಅಪ್ಪನಿಗೆ, ನೀನೂ ತಿಂದೆ, ಎಂದು ಹೇಳುವುದು. ಹಾಗೆಂದು ಅವನು ತನ್ನನ್ನು ತಾನು ಒಪ್ಪಿಸಿಕೊಳ್ಳುತ್ತಾನೆ: ಮುದುಕನ ಸಲುವಾಗಿ ಸುಮ್ಮನಿದ್ದೇನೆ. ಸ್ವಲ್ಪ ಹೊತ್ತು ಹೋದರೆ ಅದೂ ಸುಳ್ಳೆಂದು ಗೊತ್ತಾಗುತ್ತದೆ. ಅವನಿಗೆ ಅಪ್ಪನ ಸಂಕಟದ ಭಯವಿಲ್ಲ. ಅಪ್ಪನ ಮುಖ ತನ್ನ ಕಡೆ ತಿರುಗುವ ಆ ಕ್ಷಣದ ಭಯ.

ನದಿಯ ದಂಡೆಯಲ್ಲಿ ಚಹಕ್ಕೆ ನಿಲ್ಲಿಸಿದ. ಜಾಂಬೆಜಿ ಬೇಸಿಗೆಗೆ ಸೊರಗಿ ಮರಳದಿಣ್ಣೆಗಳ ನಡುವೆ ಹರಿಯುತ್ತಿತ್ತು. ಆಚೆ ದಡದ ಬೆಟ್ಟಗಳು ಬಿಸಿಲ ಮಬ್ಬಿನಲ್ಲಿ ಕಂಡೂ ಕಾಣದಂತಿದ್ದವು. ನೀರಾನೆಗಳು ಮೂಗು ಮೇಲಿಟ್ಟುಕೊಂಡು ಗೊರಕೆ ಹೊಡೆಯುವಂತೆ ಸದ್ದು ಮಾಡುತ್ತಿದ್ದವು. ಅವನು ಮಡಿಸುವ ಮೇಜು ಬಿಡಿಸಿ, ಬಿಳಿಯ ಬಟ್ಟೆ ಹಾಸಿ, ಲೋಟಗಳನ್ನು ಜೋಡಿಸಿದ. ಗಂಡಸು ಚಹಾ ಬಗ್ಗಿಸುವುದನ್ನು ತಡೆಯಲಾರದೆ ಚೆನಾಯಿ ಮಗುವನ್ನು ತೆತೆಯ ಕೈಗೆ ಕೊಟ್ಟು ಬಂದಳು. ಇಲ್ಲಿ ನಾನೇ ಕೊಡಬೇಕು, ಅದು ಪದ್ಧತಿ ಎಂದ. ಮಾವ ಕೂತಿರುವಾಗ ಸೊಸೆ ನಿಂತು ನೋಡುವುದು ಯಾವ ಊರಿನ ಪದ್ಧತಿ ಎಂದು ತೆತೆ ಅಲ್ಲಿಂದಲೇ ಕೇಳಿದಳು. ನಾಳೆ ಹೋಗುವವಳು ಇವತ್ತಾದರೂ ಕೆಲಸ ಮಾಡಲಿ ಎಂದೂ ಸೇರಿಸಿದಳು. ಚೆನಾಯಿ ಲೋಟ ಎತ್ತಿಕೊಂಡು ಹೋಗಿ, ಮರಳಿನಲ್ಲಿ ಮೊಣಕಾಲೂರಿ, ಮೊದಲು ಮಾವನಿಗೆ, ಆಮೇಲೆ ತೆತೆಗೆ ಕೊಟ್ಟಳು. ಕಪ್ಪು ಬಟ್ಟೆಗೆ ಅಂಟಿದ ಮರಳನ್ನು ಕೊಡವಲಿಲ್ಲ. ತಿರುಗಿ ಬಂದು ಮೇಜಿನ ಆ ಬದಿಗೆ ನಿಂತು, ಬಿಸ್ಕತ್ತಿನ ಡಬ್ಬ ತೆರೆಯುತ್ತ, ತಲೆಯೆತ್ತದೆ ಮಾತಾಡಿದಳು.

"ಭಾವ, ಅದು ಕಾಡೆಮ್ಮೆ ಅಲ್ಲ ಅಂತ ನಂಗೆ ಬೇಯಿಸುವಾಗ್ಲೇ ಗೊತ್ತಾಯ್ತು."

ಅವನು ಫ್ಲಾಸ್ಕಿನ ಮುಚ್ಚಳ ತಿರುಗಿಸಿ ಮುಚ್ಚಿದ.

"ನಮ್ಮ ತವರಲ್ಲಿ ನಾವು ತಿಂತೀವಿ. ಎಳೆ ಒರಟು, ನೊರೆ ಜಾಸ್ತಿ. ಮುಚ್ಚಳ ತೆಗೆದ ಕೂಡ್ಲೇ ವಾಸನೆ ಹೇಳ್ತು."

"ಮತ್ತೆ ಯಾಕೆ ಬೇಯಿಸಿದೆ?"

"ಮಗು ಮೂರು ಹೊತ್ತಿಂದ ಬರೀ ಸೊಪ್ಪು ತಿಂದಿತ್ತು. ನೀವು ಕಾಡೆಮ್ಮೆ ಅಂದ್ರಿ. ಹಿರಿಯರು ಅಂದ್ಮೇಲೆ ಕಾಡೆಮ್ಮೆನೇ ಅಂತ ಅಂದ್ಕೊಂಡೆ." ಅವಳು ಬಿಸ್ಕತ್ತುಗಳನ್ನು ತಟ್ಟೆಯಲ್ಲಿ ಒಂದರ ಮೇಲೊಂದು ಬೀಳದಂತೆ ಜೋಡಿಸುತ್ತಿದ್ದಳು. "ಹೇಳೋದಿದ್ರೆ ಇವತ್ತು ಹೇಳಿಬಿಡಿ. ನಾಳೆ ಅಷ್ಟು ಜನದ ಮುಂದೆ ನಿಮ್ಮ ಬಾಯಿಂದ ಬರಲ್ಲ. ಹೇಳಲ್ಲ ಅಂದ್ರೆ ಅದನ್ನೂ ಈಗ್ಲೇ ತಿಳಿಸಿ. ಆಗ ನಿಮ್ಮ ಸಂಬಳದ ಹಿಟ್ಟು ನನ್ನ ಮಗೂಗೆ ಯಾವತ್ತೂ ತಪ್ಪಬಾರ್ದು. ನೀವು ಹೇಳಿ, ಮಾವ ನಿಮ್ಮನ್ನ ಮನೆಯಿಂದ ದೂರ ಇಟ್ರೆ ಮಗೂಗೆ ಯಾರು ಹಾಕ್ತಾರೆ? ಅದನ್ನೂ ಯೋಚನೆ ಮಾಡಿದೀನಿ. ಎರಡರಲ್ಲಿ ಒಂದು."

ಇಷ್ಟು ಮಾತನ್ನು ಅವಳು ಆರು ತಿಂಗಳಲ್ಲಿ ಆಡಿರಲಿಲ್ಲ. ಅವಳಿಗೆ ಗೊತ್ತಿದೆ ಎನ್ನುವುದಕ್ಕಿಂತ, ಇಷ್ಟು ದಿನವೂ ಗೊತ್ತಿತ್ತು ಎನ್ನುವುದು ಅವನನ್ನು ಹೆಚ್ಚು ಸುಟ್ಟಿತು. ತಿಂಗಳ ಕೊನೆಗೆ ಊರಿಗೆ ಹೋದಾಗಲೆಲ್ಲ ಸಕ್ಕರೆ, ಎಣ್ಣೆ, ಮಗುವಿಗೆ ಚಪ್ಪಲಿ ಎಂದು ಕೊಟ್ಟು, ಪಾಪ ಎಂದು ತಾನೇ ಮರುಗಿ, ಆ ಮರುಕದಲ್ಲಿ ಒಂದಿಷ್ಟು ಸಮಾಧಾನ ಪಡೆದು ಬರುತ್ತಿದ್ದ. ಅದನ್ನೆಲ್ಲ ಅವಳು ಎರಡೂ ಕೈಯಿಂದ ತೆಗೆದುಕೊಳ್ಳುತ್ತ ಕೆಳಗಿನಿಂದ ನೋಡುತ್ತಿದ್ದಳು. ಅವನಿಗೆ ನಾಚಿಕೆಯಾಯಿತು, ನಾಚಿಕೆಯ ಬೆನ್ನಿಗೇ ಅವಳ ಮೇಲೆ ಸಿಟ್ಟೂ ಬಂತು, ಗೊತ್ತಿದ್ದವಳು ಒಲೆಯ ಮೇಲಿಂದ ಇಳಿಸಬಾರದಿತ್ತೇ ಎಂದು. ಹೇಳ್ತೀನಿ, ಎಂದ. ಇವತ್ತೇ ಹೇಳ್ತೀನಿ. ಅವಳು ತಲೆಯಾಡಿಸಿ ಬಿಸ್ಕತ್ತಿನ ತಟ್ಟೆ ತೆಗೆದುಕೊಂಡು ಹೋದಳು. ಮಾತು ಕೊಟ್ಟ ಮೇಲೆ ಅವನಿಗೆ ಮೈ ಹಗುರಾಯಿತು. ಮೇಜು ಮಡಿಸುವಾಗ ಸಣ್ಣಗೆ ಸಿಳ್ಳೆ ಹಾಕುತ್ತಿದ್ದೇನೆಂದು ಗೊತ್ತಾಗಿ ನಿಲ್ಲಿಸಿದ.

ಮುಸಂಗು ಮರಗಳ ತೋಪಿಗೆ ಬಂದಾಗ ಬಿಸಿಲು ವಾಲಿತ್ತು. ಆ ಮರಗಳ ಕಾಯಿ ಉದುರುವ ಕಾಲ. ನೆಲದ ಮೇಲೆಲ್ಲ ಸುರುಳಿ ಸುರುಳಿಯಾಗಿ ಬಿದ್ದಿದ್ದವು. ಆನೆಗಳು ಇದ್ದೇ ಇರುತ್ತವೆ ಎಂದು ಅವನಿಗೆ ಗೊತ್ತಿತ್ತು, ಇದ್ದವು. ಹೆಣ್ಣಾನೆಗಳು, ಮರಿಗಳು, ಹಿಂಡಿನಿಂದ ಸ್ವಲ್ಪ ದೂರದಲ್ಲಿ ಒಂಟಿ ಗಂಡಾನೆ. ಗಂಡಾನೆ ಮುಂಗಾಲನ್ನೆತ್ತಿ ಕೊಂಬೆಗೆ ಸೊಂಡಿಲು ಚಾಚಿ ಹಿಂಗಾಲಿನ ಮೇಲೆ ನಿಂತುಕೊಂಡಿತು. ಇದನ್ನು ನೋಡಲೆಂದೇ ಜನ ಸಮುದ್ರ ದಾಟಿ ಬರುತ್ತಾರೆ. ಮಗು ಕೇಕೆ ಹಾಕಿತು, ಚೆನಾಯಿ ಅದರ ಬಾಯಿ ಮುಚ್ಚಿದಳು. ತೆತೆ ಮುಂದಿನ ಸೀಟಿನ ಕಂಬಿ ಹಿಡಿದು ಬಾಗಿದಳು. ಊರಿನಲ್ಲಿ ಆನೆ ಎಂದರೆ ಕತ್ತಲಲ್ಲಿ ಮುರಿಯುವ ಜೋಳದ ದಂಟಿನ ಸದ್ದು. ಹಗಲಿನಲ್ಲಿ, ಇಷ್ಟು ಹತ್ತಿರದಲ್ಲಿ, ಯಾರ ಗೊಡವೆಯೂ ಇಲ್ಲದೆ ತಿನ್ನುತ್ತ ನಿಂತಿರುವ ಆನೆಯನ್ನು ಅವರು ಕಂಡಿರಲಿಲ್ಲ.

ಎಂಜಿನ್ ಆರಿಸು ಎಂದು ಅಪ್ಪ ಹೇಳಿದ. ಆರಿಸಿದ. ಅಪ್ಪ ಟೋಪಿ ತೆಗೆದು ಮೊಣಕಾಲ ಮೇಲಿಟ್ಟು, ಎರಡು ಅಂಗೈಗಳನ್ನು ಸರಿಯಾಗಿ ಹೊಂದಿಸಿ, ಹಿರಿಯರ ಮುಂದೆ ತಟ್ಟುವಂತೆ ಮೆಲ್ಲಗೆ, ಒಂದೇ ಲಯದಲ್ಲಿ ತಟ್ಟತೊಡಗಿದ. ಕುಲದ ಹೊಗಳಿಕೆ ಶುರುವಾಯಿತು. ಸಮನ್ಯಾಂಗಾ, ಕೊಂಬುಗಳ ಒಡೆಯನೇ, ನಡೆದಲ್ಲೆಲ್ಲ ದಾರಿಯಾದವನೇ, ಒಣಹೊಳೆಯಲ್ಲಿ ನೀರಿನ ಮನೆ ಬಲ್ಲವನೇ, ನಿನ್ನ ನೆರಳಿನಲ್ಲಿ ಬೆಳೆದವರು ನಾವು. ಅಪ್ಪನ ದನಿ ನಡುಗಲಿಲ್ಲ. ಮಗ ಸತ್ತಾಗಲೂ ಅಳದ ಮುದುಕ ಆನೆಯ ಹತ್ತಿರ ಸಾಲ ಕೇಳುವವನಂತೆ ಬಾಗಿ ಕುಳಿತಿದ್ದ. ಗಾರಿಕಾಯಿಗೆ ಈ ಹೊಗಳಿಕೆ ಬಾಯಿಪಾಠ. ಬೆಂಕಿಯ ಸುತ್ತ ಕುಳಿತ ಅತಿಥಿಗಳಿಗೆ ಅವನು ಇದನ್ನೇ ಅರ್ಧ ಕತ್ತರಿಸಿ, ಅರ್ಥ ಹೇಳಿ ಒಪ್ಪಿಸುತ್ತಾನೆ. ಈಗ ಕೇಳಿದರೆ ಒಂದು ಸಾಲೂ ತನ್ನದಲ್ಲ ಅನಿಸಿತು. ಗಂಡಾನೆ ಮುಂಗಾಲನ್ನು ನೆಲಕ್ಕೆ ಇಳಿಸಿ ಇವರ ಕಡೆ ತಿರುಗಿ, ಕಿವಿ ಅಗಲಿಸಿ ನಿಂತಿತು. ಹೆದರಬೇಕಾದ್ದಿಲ್ಲ, ಅದು ಬರೀ ಕುತೂಹಲ ಎಂದು ಅವನಿಗೆ ಗೊತ್ತಿತ್ತು. ಆದರೂ ಕೀಲಿಯ ಮೇಲೆ ಕೈಯಿಟ್ಟ.

"ಸಮನ್ಯಾಂಗಾ," ಅಪ್ಪ ಆನೆಗೆ ಹೇಳಿದ, "ನನ್ನ ಮಗನ್ನ ನೀನು ತುಳಿದೆ. ನಾನು ಜಗಳಕ್ಕೆ ಬಂದಿಲ್ಲ. ತಪ್ಪು ನಮ್ಮ ಮನೇದೇ ಇರ್ಬೇಕು. ಯಾರದು ಅಂತ ನನಗೆ ತಿಳೀಬೇಕು. ನಾಳೆ ಒಬ್ಬಳು ಹೆಣ್ಣುಮಗಳನ್ನ ಹೊರಗೆ ಹಾಕ್ತಿದೀನಿ. ಸುಮ್ಮಸುಮ್ಮನೆ ಹಾಕಿದ್ರೆ ಅದೂ ನನ್ನ ತಲೆ ಮೇಲೆ ಬರುತ್ತೆ." ಆಮೇಲೆ ಜೀಪಿನ ಕಡೆ ತಿರುಗದೆ, ಆನೆಯನ್ನೇ ನೋಡುತ್ತ, "ಇದರ ಮುಖ ನೋಡ್ಕೊಂಡು ಸುಳ್ಳು ಹೇಳೋಕೆ ಆಗಲ್ಲ. ಯಾರಿಗೆ ಏನು ಗೊತ್ತೋ ಈಗ ಹೇಳಿ," ಎಂದ.

ಅಪ್ಪ ಇಲ್ಲಿಗೆ ಬರಲು ಒಪ್ಪಿದ್ದು ಇದಕ್ಕೇ ಎಂದು ಗಾರಿಕಾಯಿಗೆ ಆಗ ಹೊಳೆಯಿತು. ಕನ್ನಡಿಯಲ್ಲಿ ಚೆನಾಯಿ ಅವನನ್ನೇ ನೋಡುತ್ತಿದ್ದಳು. ಬೇಡಿಕೆಯೂ ಇಲ್ಲ, ಬೆದರಿಕೆಯೂ ಇಲ್ಲ. ಬಸ್ಸಿಗೆ ಕಾಯುವವಳು ರಸ್ತೆ ನೋಡುವಂತೆ. ಈಗ, ಎಂದುಕೊಂಡ. ಎಷ್ಟು ಸಣ್ಣ ಮಾತು: ನಾನು ತಂದೆ. ನಾಲ್ಕು ಅಕ್ಷರ ದಾಟಿದರೆ ಆಚೆ ದಡ. ಉಸಿರೆಳೆದುಕೊಂಡ. ಅಪ್ಪನ ಬೋಳು ನೆತ್ತಿ, ನೆತ್ತಿಯ ಮೇಲೆ ಟೋಪಿ ಒತ್ತಿದ ಗೆರೆ, ಅದರಾಚೆಗೆ ಆನೆ. ಬಾಯಿ ತೆರೆದ. ತೆರೆದ ಬಾಯಿಂದ, ತಾನು ತಡೆಯುವ ಮುಂಚೆಯೇ, ಹದವಾದ, ತಗ್ಗಿಸಿದ, ಎಲ್ಲರಿಗೂ ಕೇಳುವಂಥ ದನಿಯಲ್ಲಿ ಇಂಗ್ಲಿಷು ಹೊರಟಿತು. ಮಹನೀಯರೇ, ಮಹಿಳೆಯರೇ, ಇದು ಪ್ರಾಯ ತುಂಬಿದ ಗಂಡಾನೆ. ಆನೆಗೆ ಬದುಕಿನಲ್ಲಿ ಆರು ಸಲ ದವಡೆ ಹಲ್ಲು ಬರುತ್ತದೆ. ಒಂದು ಸವೆದರೆ ಹಿಂದಿನಿಂದ ಇನ್ನೊಂದು ಮುಂದೆ ಸರಿಯುತ್ತದೆ. ಕೊನೆಯದು ಸವೆದ ಮೇಲೆ ಅಗಿಯಲಾರದೆ, ಸುತ್ತ ಎಷ್ಟು ಮೇವಿದ್ದರೂ ಹಸಿವಿನಿಂದಲೇ ಸಾಯುತ್ತದೆ. ಇಲ್ಲಿ ಅವನು ಯಾವಾಗಲೂ ಒಂದು ಗಳಿಗೆ ನಿಲ್ಲಿಸುತ್ತಾನೆ, ಅತಿಥಿಗಳು ಅಯ್ಯೋ ಎನ್ನಲಿ ಎಂದು. ಈಗಲೂ ನಿಲ್ಲಿಸಿದ. ಯಾರೂ ಏನೂ ಅನ್ನಲಿಲ್ಲ. ಇಂಗ್ಲಿಷು ಅಷ್ಟಕ್ಕಷ್ಟೇ ಬರುವ ಅಪ್ಪ, ಮಗ ತನಗೆ ತಿಳಿಯದ ಯಾವುದೋ ರೀತಿಯಲ್ಲಿ ಆನೆಗೆ ಮರ್ಯಾದೆ ಕೊಡುತ್ತಿದ್ದಾನೆ ಎಂದುಕೊಂಡು ತಲೆ ತಗ್ಗಿಸಿ ಕೇಳುತ್ತಿದ್ದ. ಗಾರಿಕಾಯಿ ಮತ್ತೆ ಬಾಯಿ ತೆರೆಯುವಷ್ಟರಲ್ಲಿ ಹಿಂದಿನ ಸೀಟು ಕಿರುಗುಟ್ಟಿತು.

"ಮಾವ, ನಾನೇ," ಎಂದಳು ಚೆನಾಯಿ. "ನಮ್ಮಣ್ಣ ತಂದಿದ್ದ. ನಾನೇ ಬೇಯಿಸಿದೆ. ಅವರಿಗೆ ಕಾಡೆಮ್ಮೆ ಅಂತ ಹೇಳಿ ಹಾಕಿದೆ. ಅವರೊಬ್ಬರಿಗೇ ಹಾಕಿದ್ದು. ನಿಮ್ಮ ಬಟ್ಟಲಿಗೆ ಹಾಕಿಲ್ಲ, ಮಗೂಗೂ ಹಾಕಿಲ್ಲ."

ಗಂಡಾನೆ ಸೊಂಡಿಲಿನಿಂದ ನೆಲದ ಕಾಯಿಯೊಂದನ್ನು ಹೆಕ್ಕಿ ಬಾಯಿಗಿಟ್ಟು, ಅದು ನುರಿಯುವ ಸದ್ದು ಕೇಳಿಸುವಷ್ಟು ಹೊತ್ತು ಅಲ್ಲೇ ನಿಂತಿದ್ದು, ತಿರುಗಿ ಹೋಯಿತು.  ಅಪ್ಪನ ಭುಜಗಳು ಇಳಿದವು. ಗಾರಿಕಾಯಿಗೆ ಅದು ಬಿಡುಗಡೆಯಂತೆ ಕಂಡಿತು. ತನ್ನ ಬಟ್ಟಲಿಗೆ ಬಿದ್ದಿರಲಿಲ್ಲ ಎಂಬ ಮಾತು ಮುದುಕನ ಬೆನ್ನಿನಿಂದ ಹೊರೆ ಇಳಿಸಿತ್ತು. ಅವಳು ಅದನ್ನೂ ಯೋಚಿಸಿದ್ದಳು. ಅಪ್ಪ ಆನೆ ಹೋದ ದಿಕ್ಕಿಗೆ ಮತ್ತೊಮ್ಮೆ ಕೈ ತಟ್ಟಿ, ಟೋಪಿ ಹಾಕಿಕೊಂಡು, ಹೋಗೋಣ ಎಂದ. ನಾನು ಹೇಳಿರಲಿಲ್ಲವೇ ಎಂದು ತೆತೆ ಶುರುಮಾಡಿದಳು. ಅಪ್ಪ ಕೈಯೆತ್ತಿ ಸುಮ್ಮನಿರಿಸಿದ.

ತೋಪು ಹಿಂದೆ ಬಿತ್ತು. ಮುಪಾನಿ ಕಾಡಿನ ಕೆಂಪು ಧೂಳು ಹಲ್ಲಿಗೆ ಅಂಟುತ್ತಿತ್ತು. ಒಂದು ಒಣಹಳ್ಳದ ನಡುವೆ ಗಾರಿಕಾಯಿ ಜೀಪು ನಿಲ್ಲಿಸಿಬಿಟ್ಟ. ಸ್ಟೀರಿಂಗಿಗೆ ಹೇಳುವವನಂತೆ, ಅಪ್ಪಾ, ಅದನ್ನು ತಂದವನು ನಾನು, ಎಂದ. ಅಷ್ಟು ಸಣ್ಣಗೆ ಹೇಳಿದ್ದನೆಂದರೆ ಅಪ್ಪ ಏನು ಎಂದು ಕೇಳಿ ಎರಡನೆಯ ಸಲ ಹೇಳಿಸಬೇಕಾಯಿತು. ಎರಡನೆಯ ಸಲ ಹೇಳುವಾಗ ಅದು ನಿಜದಂತೆ ಕೇಳಿಸಲಿಲ್ಲ. ತೆತೆ ಹಿಂದಿನಿಂದ, ಓಹೋ, ತಮ್ಮನ ಹೆಂಡತಿಯನ್ನು ಇಟ್ಟುಕೊಳ್ಳುವ ಆಸೆಯೇನೋ ಎಂದಳು. ಅಪ್ಪ ಅದನ್ನು ಕಿವಿಗೆ ಹಾಕಿಕೊಳ್ಳಲಿಲ್ಲ. ಮಗನ ಗಲ್ಲ ಹಿಡಿದು, ಸಂತೆಯಲ್ಲಿ ಹೋರಿ ನೋಡುವವನ ಹಾಗೆ ಮುಖವನ್ನು ಇಳಿಬಿಸಿಲಿಗೆ ತಿರುಗಿಸಿದ.

"ಬಾಯಿ ತೆಗಿ."

ತೆಗೆದ. ಅಪ್ಪನ ಹೆಬ್ಬೆರಳು ಮೇಲಿನ ತುಟಿಯನ್ನೆತ್ತಿತು. ಹೊಗೆಸೊಪ್ಪಿನ, ಮಣ್ಣಿನ ರುಚಿ. ಅಪ್ಪ ಒಂದೊಂದೇ ಹಲ್ಲನ್ನು ಒತ್ತಿ ನೋಡುತ್ತಿದ್ದಷ್ಟು ಹೊತ್ತೂ ಗಾರಿಕಾಯಿಯ ಕಣ್ಣೆದುರು ಇದ್ದದ್ದು ಒಂದೇ ಮಾತು: ಆ ರಾತ್ರಿ ನೀನು ಬಟ್ಟಲು ಬಳಿದು ಉಂಡೆಯಲ್ಲ, ಬೆಣ್ಣೆ ಎಂದೆಯಲ್ಲ, ಅದೇ. ಅಷ್ಟು ಹೇಳಿದರೆ ಅಪ್ಪ ನಂಬುತ್ತಿದ್ದ. ನಂಬದೆ ಬೇರೆ ದಾರಿಯೇ ಇರುತ್ತಿರಲಿಲ್ಲ. ಅದನ್ನು ಹೇಳಲು ಅಪ್ಪನ ಬೆರಳು ಬಾಯಿಂದ ಹೊರಗೆ ಬರಲಿ ಎಂದು ಕಾದ. ಬೆರಳು ಹೊರಗೆ ಬಂತು. ಅವನು ಎಂಜಲು ನುಂಗಿದ.

"ಇದು ತಿಂದ ಬಾಯಲ್ಲ," ಎಂದ ಅಪ್ಪ, ಬೆರಳನ್ನು ಪ್ಯಾಂಟಿಗೆ ಒರೆಸಿಕೊಳ್ಳುತ್ತ. "ಮನಸ್ಸು ಮೆತ್ತಗೆ ನಿಂದು, ನಿಮ್ಮಮ್ಮನ ಥರ. ಅವಳ ಮೇಲಿನ ಕನಿಕರಕ್ಕೆ ಕುಲದ ಮೇಲೆ ಯಾಕೆ ಸುಳ್ಳು ಹೇಳ್ತೀಯ ಮಗಾ."

ಅಪ್ಪನ ಬಾಯಿಂದ ಮಗಾ ಎಂಬ ಮಾತು ಕೇಳಿ ಎಷ್ಟು ವರ್ಷಗಳಾಗಿದ್ದವೋ. ಅದು ಕಿವಿಗೆ ಬಿದ್ದದ್ದೇ ಎದೆಯೊಳಗೆ ಬೆಚ್ಚಗಾಯಿತು. ಬೆಚ್ಚಗಾದದ್ದು ತನಗೆ ತಿಳಿಯಿತು. ತಿಳಿದೂ ಅದನ್ನು ತಳ್ಳಲಿಲ್ಲ. ಹೇಳಿದ್ದಾಯಿತಲ್ಲ, ನಂಬದಿದ್ದರೆ ನಾನೇನು ಮಾಡಲಿ ಎಂದು ಒಳಗೊಬ್ಬ ಆಗಲೇ ವಾದ ಹೂಡಿದ್ದ. ಕನ್ನಡಿಯನ್ನು ನೋಡಲಿಲ್ಲ. ಜೀಪು ಹಳ್ಳದಿಂದ ಮೇಲಕ್ಕೆ ಹತ್ತಿತು.

ಕ್ಯಾಂಪಿನ ಬೇಲಿ ಕಾಣತೊಡಗಿದಾಗ ಅಪ್ಪ ನಾಳೆಯ ವಿಷಯ ತೆಗೆದ. ಅವಳೇ ಒಪ್ಪಿಕೊಂಡ ಮೇಲೆ ಹಿರಿಯರಿಗೆ ಹೆಚ್ಚು ಮಾತಿಲ್ಲ. ಬೆಳಿಗ್ಗೆಯೇ ತವರಿಗೆ ಮುಟ್ಟಿಸಿಬಿಡುವುದು ಒಳ್ಳೆಯದು. ಹೆಣ್ಣನ್ನು ಸುಮ್ಮನೆ ಬಾಗಿಲಲ್ಲಿ ಬಿಟ್ಟು ಬರುವ ಹಾಗಿಲ್ಲ. ಗಂಡನ ಕಡೆಯವನೊಬ್ಬ ಹೋಗಿ, ಅವಳ ತಂದೆಯ ಎದುರು ಕುಳಿತು, ಯಾವ ತಪ್ಪಿಗೆ ಕಳಿಸುತ್ತಿದ್ದೇವೆ ಎಂದು ಬಾಯಿಬಿಟ್ಟು ಹೇಳಬೇಕು, ಅವಳೂ ಅಲ್ಲೇ ಕುಳಿತು ಕೇಳಬೇಕು. ತನ್ನ ಕೈಲಿ ಅದು ಆಗುವುದಿಲ್ಲ ಎಂದ ಅಪ್ಪ. ಆ ಮನುಷ್ಯನ ಜೊತೆ ಒಂದೇ ಗಡಿಗೆಯಲ್ಲಿ ಹೆಂಡ ಕುಡಿದವನು ತಾನು.

"ನೀನೇ ಹೋಗು," ಎಂದ. "ತಮ್ಮನ ಪರವಾಗಿ ಮಾತಾಡೋಕೆ ಶುದ್ಧ ಬಾಯಿ ಬೇಕು. ನಿಂದು ನಾನು ನೋಡಿದೀನಿ."

ಬಿಳಿಯರೇ ಕೂತು ಕೇಳಿ ಚಪ್ಪಾಳೆ ತಟ್ಟುತ್ತಾರಂತೆ, ಇವನಿಗಿಂತ ಮಾತುಗಾರ ನಮ್ಮಲ್ಲಿ ಇನ್ಯಾರಿದ್ದಾರೆ ಎಂದಳು ತೆತೆ. ಈ ಸಲ ಅವಳ ಮಾತಿನಲ್ಲಿ ಕುಹಕವಿರಲಿಲ್ಲ. ಹಿಂದಿನ ಸೀಟಿನಲ್ಲಿ ಮಗು ನಿದ್ದೆಹೋಗಿತ್ತು. ಚೆನಾಯಿ ಅದರ ಪಾದಗಳನ್ನು ತನ್ನ ಅಂಗೈಯಲ್ಲಿ ಮುಚ್ಚಿಕೊಂಡು ಹೊರಗೆ ನೋಡುತ್ತಿದ್ದಳು. ಆಗಲಿ, ಎಂದ ಗಾರಿಕಾಯಿ. ಗೇಟಿನ ಮುಂದೆ ವೇಗ ತಗ್ಗಿಸುವಾಗ, ಬೇಡಬೇಡವೆಂದರೂ, ನಾಳೆಯ ಮಾತು ಅವನೊಳಗೆ ಆಗಲೇ ಸಾಲುಗಟ್ಟತೊಡಗಿತ್ತು. ದೊಡ್ಡವರೇ, ನಾವು ನಿಮ್ಮ ಮನೆಯಿಂದ ಒಂದು ಬೆಳಕನ್ನು ತೆಗೆದುಕೊಂಡು ಹೋಗಿದ್ದೆವು. ಹಾಗೆ ಶುರುಮಾಡಬೇಕು. ಆಮೇಲೆ ತಮ್ಮನ ಸಾವು, ಹಲ್ಲಿಲ್ಲದ ಬಾಯಿ. ಆಮೇಲೆ ಅವಳು ತಾನಾಗಿ ಒಪ್ಪಿಕೊಂಡದ್ದು, ಆನೆಯ ಎದುರಿಗೆ. ಅಲ್ಲಿ ಸ್ವಲ್ಪ ನಿಲ್ಲಿಸಿ, ದನಿ ತಗ್ಗಿಸಿ, ಮುಂದಿನದನ್ನು ಹೇಳಬೇಕು. ಮಾತು ಎಲ್ಲೂ ತಡವರಿಸದೆ ಚೆನ್ನಾಗಿಯೇ ಬರುತ್ತಿತ್ತು.